ಇಪ್ಪತ್ತೈದನೆಯ ಪುಟದ ಕೆಂಪು ಗೀಟು

ಭರಮಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತನಾದ ಮೇಲೆ ಪುಸ್ತಕದ ಹುಚ್ಚು ಹತ್ತಿತು. ಊರಿನ ಲೈಬ್ರರಿಯಿಂದ ದಿನಕ್ಕೊಂದು ಪುಸ್ತಕ ತರುವನು, ಸಂಜೆಯೊಳಗೆ ಮುಗಿಸುವನು, ಇಪ್ಪತ್ತೈದನೆಯ ಪುಟದ ಅಂಚಿಗೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯುವನು. ಓದಿದ್ದನ್ನೇ ಮತ್ತೆ ಮನೆಗೆ ತರಬಾರದಲ್ಲ, ಅದಕ್ಕೆ.

“ಓದಿದ್ದು ನೆನಪಿದ್ದರೆ ಗೀಟು ಯಾಕೆ ಬೇಕು ಭರಮಣ್ಣ?” ಎಂದು ಲೈಬ್ರರಿಯ ರೇವಮ್ಮ ಒಮ್ಮೆ ಕೇಳಿದಳು.

“ಎಂಟುನೂರು ಪುಸ್ತಕ ಕಣಮ್ಮ. ಹತ್ತಿ ಇಳಿದವರ ಮುಖವೆಲ್ಲ ಯಾವ ಕಂಡಕ್ಟರಿಗೆ ನೆನಪಿರುತ್ತೆ?” ಎಂದು ಅವನು ನಕ್ಕುಬಿಟ್ಟ.

ಅವನು ಓದುವುದು ಗಟ್ಟಿಯಾಗಿ. ಬಸ್ಸಿನಲ್ಲಿ ಕೂಗಿ ಪಳಗಿದ ಗಂಟಲು. ಹೆಂಡತಿ ತಿಪ್ಪಮ್ಮನಿಗೆ ಅಕ್ಷರ ಬಾರದು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೇಳುವಳು. ನಡುವೆ, “ಅದೇನಂದ್ರಿ, ಇನ್ನೊಂದ್ಸಲ ಓದ್ರಿ” ಎನ್ನುವಳು.

“ಇದು ಎಕ್ಸ್‌ಪ್ರೆಸ್ ಗಾಡಿ. ಕೋರಿಕೆ ನಿಲುಗಡೆ ಇಲ್ಲ,” ಎಂದು ಅವನು ಪುಟ ಮಗುಚುವನು.

ತಿಪ್ಪಮ್ಮ ಸಿಕ್ಕಷ್ಟನ್ನು ಹಿಡಿದುಕೊಂಡು, ಮಾರನೆಯ ದಿನ ಕುಡಿಯುವ ನೀರಿಗೆ ಹೋದಾಗ ಬೀದಿ ನಲ್ಲಿಯ ಹತ್ತಿರ ನಾಲ್ಕು ಜನಕ್ಕೆ ಹೇಳುವಳು. ಹೇಳಿ ಹೇಳಿ ಅವಳಿಗೇ ಬಾಯಿಪಾಠವಾಗುತ್ತಿತ್ತು.

ಒಂದು ಮಧ್ಯಾಹ್ನ ಅನ್ನ ಬಸಿಯುವಾಗ ಪಾತ್ರೆ ಜಾರಿ, ಕೊತಕೊತ ಕುದಿಯುವ ಗಂಜಿ ಅವಳ ಎಡಗೈ ಮೇಲೆ ಸುರಿಯಿತು. ಭರಮಪ್ಪ ಪುಸ್ತಕ ಬಿಟ್ಟು ಎದ್ದು ಬಂದ. ಎಂಟುನೂರು ಪುಸ್ತಕ ಓದಿದ ತಲೆ ಒಂದು ಮಾತನ್ನೂ ಕೊಡಲಿಲ್ಲ. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಬಚ್ಚಲಿಗೆ ಓಡಿಹೋಗಿ ಟೂತ್‌ಪೇಸ್ಟ್ ತಂದ.

“ಅದನ್ನ ಹಚ್ಚಬೇಡ್ರಿ,” ತಿಪ್ಪಮ್ಮ ಹಲ್ಲು ಕಚ್ಚಿಕೊಂಡು ಅಂದಳು. “ಬಳೆ ತೆಗೀರಿ. ಕೊಳಾಯಿ ಬಿಡ್ರಿ, ಇಪ್ಪತ್ತು ನಿಮಿಷ ತಣ್ಣೀರು ಹರೀಲಿ. ಆಮೇಲೆ ಆಸ್ಪತ್ರೆಗೆ ಹೋಗೋಣ.”

“ನಿಂಗ್ಯಾರೇ ಹೇಳಿದ್ದು ಇದನ್ನ?”

“ನೀವೇ ಓದಿದ್ರಲ್ಲ, ದೀಪಾವಳಿ ಹಿಂದಿನ ದಿನ.”

ಅಂಥದೊಂದು ಪುಸ್ತಕ ಓದಿದ್ದೇ ಅವನಿಗೆ ನೆನಪಿರಲಿಲ್ಲ. ಅವಳು ಹೇಳಿದ ಹಾಗೇ ಮಾಡಿದ.

ಆಸ್ಪತ್ರೆಯಲ್ಲಿ ಡಾಕ್ಟರು ಕೈ ನೋಡಿ, “ಮೊದಲು ನೀರು ಬಿಟ್ಟಿದ್ದು ಒಳ್ಳೇದಾಯ್ತು. ಏನಾದರೂ ಮೆತ್ತಿಕೊಂಡು ಬಂದಿದ್ದರೆ ಗಾಯ ಕೆಡ್ತಿತ್ತು. ತಿಳಿದವರು ನೀವು,” ಎಂದು ಭರಮಪ್ಪನ ಕಡೆ ತಿರುಗಿ ಹೇಳಿದರು. ಅವನಿಗೆ ತುಂಬ ನಾಚಿಕೆಯಾಯಿತು. “ತಿಳಿದವಳು ಇವಳು ಸ್ವಾಮಿ,” ಅಂದ.

ಮರುದಿನ ಲೈಬ್ರರಿಗೆ ಹೋಗಿ, ರಿಜಿಸ್ಟರಿನಲ್ಲಿ ದೀಪಾವಳಿ ಹಿಂದಿನ ದಿನ ಒಯ್ದದ್ದು ಯಾವುದೆಂದು ನೋಡಿ, ಆ ಪುಸ್ತಕ ಹುಡುಕಿ ತೆಗೆದ. ಇಪ್ಪತ್ತೈದನೆಯ ಪುಟದಲ್ಲೇ ಇತ್ತು: ‘ಸುಟ್ಟ ಜಾಗಕ್ಕೆ ತಣ್ಣೀರು ಬಿಡಿ. ಏನನ್ನೂ ಹಚ್ಚಬೇಡಿ.’ ಆ ಸಾಲಿನ ಪಕ್ಕದಲ್ಲೇ ಅವನ ಕೆಂಪು ಗೀಟು.

“ಇದು ನೀವು ಓದಿ ಆಗಿದೆ ಭರಮಣ್ಣ, ಗೀಟಿದೆಯಲ್ಲ,” ಎಂದಳು ರೇವಮ್ಮ.

“ಗೀಟು ಪುಸ್ತಕಕ್ಕೆ ಬಿದ್ದಿದೆ ತಾಯಿ, ನನಗೆ ಬಿದ್ದಿಲ್ಲ. ಇನ್ನೊಂದ್ಸಲ ಕೊಡು.”

ಆ ಸಂಜೆ ತಿಪ್ಪಮ್ಮ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕೇಳುತ್ತಾ ಕೂತಳು. ಭರಮಪ್ಪ ಎರಡು ಪುಟ ಓದಿ ತಾನಾಗಿಯೇ ನಿಲ್ಲಿಸಿದ.

“ಯಾಕ್ರಿ, ಗಾಡಿ ನಿಂತಿತು?” ಎಂದಳು ಅವಳು.

“ನಿಲುಗಡೆ ಬಂತು,” ಅಂದ ಭರಮಪ್ಪ. “ಈಗ ಓದಿದ್ದು ಏನು, ಹೇಳು. ತಪ್ಪಿದರೆ ನಾನು ಹೇಳ್ತೀನಿ. ನಾನು ತಪ್ಪಿದರೆ ನೀನು ಹೇಳು.”

ನೀತಿ: ಎಷ್ಟು ಪುಸ್ತಕ ಮುಗಿಸಿದೆವು ಎಂಬ ಲೆಕ್ಕ ಕಷ್ಟಕಾಲಕ್ಕೆ ಒದಗದು. ನಿಂತು ಯೋಚಿಸಿದ್ದು, ನಾಲ್ಕು ಜನಕ್ಕೆ ಹೇಳಿದ್ದು ಮಾತ್ರ ನಮ್ಮದಾಗಿ ಉಳಿಯುತ್ತದೆ.