ಓನರ್ ಬಂದರೆ ಸುಮ್ಮನಾಗುವ ಜೀರುಂಡೆ

ನಮ್ಮ ರೆಸಾರ್ಟಿನ ಓನರ್ ದೊರೆಸ್ವಾಮಿ ಪೊದೆಗಳನ್ನೆಲ್ಲ ಸವರಿಸಿ, ಹುಳಗಳಿಗೆ ವಿಷ ಹೊಡೆಸಿದರು. ಆಮೇಲೆ ಅತಿಥಿಗಳು "ಕಾಡಿನ ಸದ್ದೇ ಇಲ್ಲವಲ್ಲ" ಎಂದು ಗೊಣಗಿದಾಗ, ಎಲೆಕ್ಟ್ರಿಷಿಯನ್ ಆದ ನನ್ನ ಮೇಲೆ ಹಾರಾಡಿದರು.

"ಕರೆಂಟಿನ ಜೀರುಂಡೆ ಮಾಡು. ಥೇಟ್ ನಿಜವಾದದ್ದರ ಹಾಗೇ ಇರಬೇಕು!"

ಕೊಂದವರು ಅವರು, ಹುಟ್ಟಿಸಬೇಕಾದವನು ನಾನು! ಮೈಯೆಲ್ಲ ಉರಿಯಿತು. ಆದರೂ ಐಸಿ, ಕೆಪಾಸಿಟರು, ಪುಟ್ಟ ಸ್ಪೀಕರು ಬೆಸುಗೆ ಹಾಕಿದೆ. ಕಾಲುದಾರಿಯ ಪಕ್ಕ, ಆಡಿದ ಮಾತು ಹಿಡಿಯುವ ಒಂದು ಮೈಕನ್ನೂ ಬಚ್ಚಿಟ್ಟು ಅದಕ್ಕೆ ಜೋಡಿಸಿದೆ.

ಸಂಜೆ ಹುಲ್ಲಿನೊಳಗಿಂದ ಜಿರ್ರೆಂಬ ಸದ್ದು. ದೊರೆಸ್ವಾಮಿ ಅತಿಥಿಗಳನ್ನು ಕರೆತಂದು, "ಕೇಳಿ, ನಮ್ಮ ಕಾಡು!" ಎಂದರು. ಸದ್ದು ನಿಂತಿತು. ಅವರು ಬಾಯಿ ಮುಚ್ಚಿದರೆ ಜಿರ್ರೆನ್ನುತ್ತಿತ್ತು, ತೆರೆದರೆ ಗಪ್‌ಚಿಪ್. ಅತಿಥಿಗಳು ಬಿದ್ದುಬಿದ್ದು ನಕ್ಕರು.

"ಏನೋ ಇದು?" ಎಂದು ದೊರೆಸ್ವಾಮಿ ನನ್ನತ್ತ ಗುಡುಗಿದರು.

"ನಿಜವಾದ ಜೀರುಂಡೇನೂ ಮನುಷ್ಯರ ಸುಳಿವು ಸಿಕ್ಕರೆ ಉಸಿರೆತ್ತಲ್ಲ ಸಾರ್. ಅದರಲ್ಲೂ ವಿಷ ಹೊಡೆಸಿದವರೇ ಎದುರು ನಿಂತರೆ ಹಾಡುತ್ತಾ?"