‘ಕಟ್’ ಹೇಳಬೇಕಾದವನು

“ಗುರುಗಳೇ, ಪ್ರಾರ್ಥನೆಗೆ ಕುಳಿತಾಗ ನನಗೆ ಕಣ್ಣೀರು ಬರುತ್ತದೆ. ಬರುವಾಗಲೇ, ಇವತ್ತು ಎಷ್ಟು ಚೆನ್ನಾಗಿ ಅಳುತ್ತಿದ್ದೇನೆ ಎಂದು ಒಳಗೊಬ್ಬ ನೋಡುತ್ತಿರುತ್ತಾನೆ. ಅವನು ಇದ್ದರೆ ತಪ್ಪೇ?” ಎಂದು ಶಿಷ್ಯ ಕೇಳಿದ.

“ಅಬ್ಬಬ್ಬಾ, ಅಳುವುದಕ್ಕೂ ಮಾರ್ಕ್ಸು ಬೇಕೇನಯ್ಯಾ ನಿನಗೆ! ಕೂತುಕೋ,” ಎಂದು ಗುರುಗಳು ಕತೆ ಹೇಳತೊಡಗಿದರು.

ನೇಪಾಳದಲ್ಲಿ ಒಬ್ಬ ಸಿನಿಮಾ ನಿರ್ದೇಶಕನಿದ್ದ. ಹೆಸರು ಕಟ್ಟಿಕೊಂಡು ನಿನಗೇನಾಗಬೇಕು, ಬಿಡು. ಅವನ ಹಿಂದೆ ಯಾವ ಕಂಪನಿಯೂ ಇರಲಿಲ್ಲ. ಕತೆ ಬರೆಯುವವನೂ ಅವನೇ, ನಟಿಸುವವನೂ ಅವನೇ. ಮೊದಲಿನ ಎರಡು ಸಿನಿಮಾಗಳನ್ನು ಥಿಯೇಟರಿನವರು ಮೂಸಿಯೂ ನೋಡಲಿಲ್ಲ. ಪರದೆ ಹೊತ್ತುಕೊಂಡು ಬೆಟ್ಟದ ಹಳ್ಳಿಗಳಿಗೆ ಹೋಗಿ ತಾನೇ ತೋರಿಸಿ ಬಂದ. ಜನ ನೋಡಿದರು, ಚಹಾ ಕೊಟ್ಟರು, ಮರೆತರು. ಮೂರನೆಯದೂ ಹೀಗೇ ಆದರೆ ಇನ್ನು ತನ್ನನ್ನು ಯಾರೂ ನಂಬುವುದಿಲ್ಲ ಎಂಬ ಭಯ ಅವನಿಗೆ ಊಟ ಸೇರದ ಹಾಗೆ ಮಾಡಿತ್ತು.

ಆ ಸಿನಿಮಾದ ಕೊನೆಯಲ್ಲಿ, ಬೆಟ್ಟದ ತುದಿಯ ಒಂದು ಹಳ್ಳಿಯಲ್ಲಿ, ಮಗನ ಹೆಣದ ಮುಂದೆ ತಾಯಿ ಅಳಬೇಕು. ಮಗನ ಪಾತ್ರ ಅವನದೇ. ತಾಯಿಯ ಪಾತ್ರಕ್ಕೆ ಒಪ್ಪಿದ್ದ ನಟಿ ಅಷ್ಟು ಎತ್ತರಕ್ಕೆ ಹತ್ತಲಾರೆ ಎಂದು ಕೈಕೊಟ್ಟಳು. ಅವನು ತನ್ನ ಹೆತ್ತ ತಾಯಿಯನ್ನೇ ಹತ್ತಿಸಿ ಕರೆತಂದ.

“ಹೆತ್ತವಳ ಕೈಯಲ್ಲಿ ಮಾಡಿಸುವ ಕೆಲಸವೇನೋ ಇದು? ಬೆಳಗಿನಿಂದ ಎದೆ ಬೇರೆ ಹಿಡಿದ ಹಾಗಿದೆ,” ಎಂದಳು ಅವಳು.

“ಒಂದೇ ಸಲ ಅಮ್ಮಾ, ನನ್ನಾಣೆ. ಇದು ಕೆಟ್ಟರೆ ನಾನು ಕೆಟ್ಟೆ.”

ತಾನು ‘ಕಟ್’ ಅನ್ನುವವರೆಗೆ ಯಾರೂ ಕ್ಯಾಮೆರಾ ನಿಲ್ಲಿಸಬಾರದು, ಯಾರೂ ಅಲುಗಾಡಬಾರದು ಎಂದು ಅವನು ಎಲ್ಲರಿಗೂ ತಾಕೀತು ಮಾಡಿದ. ಆಮೇಲೆ ಬಿಳಿ ಬಟ್ಟೆ ಹೊದ್ದು ಕಣ್ಣು ಮುಚ್ಚಿ ಮಲಗಿದ. ನೋಡು ಅವನ ಬುದ್ಧಿಯನ್ನು! ಹೆಣವಾಗುವವನೂ ಅವನೇ, ‘ಕಟ್’ ಅನ್ನಬೇಕಾದವನೂ ಅವನೇ.

ತಾಯಿ ಅತ್ತಳು. ಬರೆದುಕೊಟ್ಟ ಮಾತು ಬಿಟ್ಟು ಮಗನನ್ನು ಮನೆಯಲ್ಲಿ ಕರೆಯುವ ಹೆಸರಿನಿಂದ ಕರೆದಳು. “ಏಳೋ, ಸಾಕು, ಉಸಿರು ಕಟ್ಟುತ್ತಿದೆ, ಏಳೋ,” ಎಂದಳು. ಅವನಿಗೆ ಮೈ ಜುಮ್ಮೆಂದಿತು. ಎಂಥ ಮಾತು, ಬರೆಯುವಾಗ ನನಗೇ ಹೊಳೆಯಲಿಲ್ಲವಲ್ಲ ಎಂದುಕೊಂಡ. ಅವಳು ಅವನ ತೋಳನ್ನು ಬಿಗಿಯಾಗಿ ಹಿಡಿದಳು. ಇದು ನಿಜವೇ ಇರಬಹುದೇ ಎಂದು ಅವನ ಎದೆ ಹೊಡೆದುಕೊಂಡಿತು. ಕಣ್ಣು ತೆರೆದರೆ ದೃಶ್ಯ ಹಾಳು. ತೆರೆಯಲಿಲ್ಲ.

ಹಿಡಿತ ಸಡಿಲವಾಯಿತು, ದನಿ ನಿಂತಿತು. ಈ ಮೌನವೂ ಚೆನ್ನಾಗಿದೆ, ಇನ್ನೂ ಸ್ವಲ್ಪ ಇರಲಿ ಎಂದು ಅವನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದ. ಕ್ಯಾಮೆರಾ ಹಿಡಿದವನು ಅವಳು ವಾಲುವುದನ್ನು ಕಂಡ. ಆದರೂ ಅವನು ನಿಲ್ಲಿಸಲಿಲ್ಲ, ತಾಕೀತು ಆಗಿತ್ತಲ್ಲ.

‘ಕಟ್’ ಎಂದು ಎದ್ದು ನೋಡಿದರೆ ತಾಯಿ ಪಕ್ಕಕ್ಕೆ ವಾಲಿದ್ದಾಳೆ, ತುಟಿ ನೀಲಿಯಾಗಿದೆ. ಆಸ್ಪತ್ರೆ ಕೆಳಗೆ ಅರ್ಧ ದಿನದ ದಾರಿ. ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಕಲ್ಲುಮೆಟ್ಟಿಲುಗಳನ್ನು ಇಳಿದ. “ಅಮ್ಮಾ, ಒಂದು ಮಾತಾಡೇ, ಏನಾದರೂ ಅನ್ನೇ,” ಎಂದು ದಾರಿಯುದ್ದಕ್ಕೂ ಗೋಗರೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಆತುರದಿಂದ ಮುಂದಕ್ಕೆ ಸರಿದ.

“ಆ ದೃಶ್ಯ ಸಿನಿಮಾದಲ್ಲಿ ಉಳಿಯಿತೇ, ಗುರುಗಳೇ?”

“ತಾಯಿ ಉಳಿದಳೇ ಎಂದು ಕೇಳುತ್ತೀಯೆಂದುಕೊಂಡಿದ್ದೆ,” ಎಂದರು ಗುರುಗಳು.