ತಿದ್ದಿ ಮುಗಿಯದ ಅರ್ಜಿ

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಕಾರಹುಣ್ಣಿಮೆಯ ಮರುದಿನ. ಪಾಟಿಚೀಲವನ್ನು ಶಾಲೆಯ ಕಿಟಕಿಯಲ್ಲೇ ಬಿಟ್ಟು ಲಾರಿ ಹತ್ತಿದೆ. ಆಮೇಲೆ ಎಷ್ಟೋ ಊರು, ಎಷ್ಟೋ ಕೆಲಸ. ಹಾಗೇ ಅಲೆಯುತ್ತ ತುಂಗಭದ್ರೆ ದಂಡೆಯ ಒಂದು ಊರಿಗೆ ಬಂದು ಹಾಲೇಶಪ್ಪನವರ ಆಫೀಸು ಸೇರಿದೆ. ಚಹಾ ಕೊಡುವುದು, ಕಸ ಗುಡಿಸುವುದು ನನ್ನ ಪಾಲಿನ ಕೆಲಸ.

ಹಾಲೇಶಪ್ಪನವರು ಕೆಮಿಕಲ್ ಇಂಜಿನಿಯರು. ಕಾರ್ಖಾನೆ ಬಿಟ್ಟು ಪೇಟೆಂಟ್ ಕೆಲಸ ಹಿಡಿದಿದ್ದರು. ಅಂದರೆ, ಯಾರಾದರೂ ಹೊಸದೊಂದು ಕಂಡುಹಿಡಿದರೆ ಅದು ಅವರದೇ ಎಂದು ಸರ್ಕಾರದಿಂದ ಹಕ್ಕು ಕೊಡಿಸುವುದು. ಅವರು ಬರೆದ ಅರ್ಜಿಯಲ್ಲಿ ಸೂಜಿ ತೂರಿಸಲೂ ಸಂದಿ ಇರುತ್ತಿರಲಿಲ್ಲ. ಅದಕ್ಕೇ ಅವರಿಗೆ ಹೆಸರು. ‘ಅರ್ಜಿ ಹಾಕೋ ಮೊದಲು ಹೊರಗೆ ತೋರಿಸಿದರೆ ಹಕ್ಕು ಹೋಯ್ತು’ ಅನ್ನುವುದು ಅವರಿಗೆ ಬಾಯಿಪಾಠ.

ಒಮ್ಮೆ ಮುನೀರ್ ಸಾಬರು ಬಂದರು. ತೊಗಲು ಹದ ಮಾಡುವ ಶೆಡ್ಡು ಅವರದು. ತೊಗಲು ತೊಳೆದ ನೀರಿನ ತೊಟ್ಟಿಯಲ್ಲಿ ವಿಷಗಾಳಿ ಕಟ್ಟುತ್ತದೆ. ಅದನ್ನು ಅಡಗಿಸುವ ಪುಡಿಯೊಂದನ್ನು ಅವರು ಮಾಡಿದ್ದರು. ಹಾಲೇಶಪ್ಪನವರು ಅರ್ಜಿ ಬರೆಯಲು ಕೂತರು. ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಮಳೆಗಾಲ ಹೋಗಿ ಚಳಿ ಬಂತು.

ಸಾಬರು ಮತ್ತೆ ಬಂದರು. “ಪಕ್ಕದ ಶೆಡ್ಡಿನ ಆಳು ನಿಂಗಪ್ಪ ನಾಳೆ ತೊಟ್ಟಿಯ ಕೆಸರು ಬಳಿಯೋಕೆ ಇಳೀತಾನಂತೆ ಸ್ವಾಮಿ. ಒಂದು ಬಕೆಟ್ ಪುಡಿ ಕೇಳ್ತಾ ಇದಾನೆ. ಕೊಡ್ಲಾ?”

“ಕೊಟ್ರೆ ನಾಳೆ ಊರಿಗೆಲ್ಲ ಗೊತ್ತಾಗುತ್ತೆ ಸಾಬ್ರೆ, ನಿಮ್ಮ ಹಕ್ಕು ಹೋಗುತ್ತೆ. ಸ್ವಲ್ಪ ತಡೀರಿ. ಒಂದು ಪ್ಯಾರಾ ಇನ್ನೂ ಬಿಗಿಯಾಗಬೇಕು.”

“ನಿಮ್ಮ ಪ್ಯಾರಾ ಬಿಗಿಯಾಗೋದ್ರೊಳಗೆ ನನ್ನ ಗಡ್ಡ ಪೂರ್ತಿ ಬೆಳ್ಳಗಾಗುತ್ತೆ,” ಎಂದು ಸಾಬರು ನಕ್ಕರು. ಆದರೆ ಓದಿದವರ ಮಾತು ಮೀರಲಿಲ್ಲ.

ಮರುದಿನ ನಿಂಗಪ್ಪ ಎಂದಿನ ಹಾಗೆ ಬರಿಮೈಯಲ್ಲಿ ತೊಟ್ಟಿಗೆ ಇಳಿದ. ಮೇಲೆ ತಂದದ್ದು ಹೆಣವನ್ನು.

ಮಣ್ಣು ಮಾಡಿ ಬಂದ ಮೇಲೆ ಹಾಲೇಶಪ್ಪನವರು ಅರ್ಜಿಯ ಕಾಗದ ಮುಂದಿಟ್ಟುಕೊಂಡು ಕೂತಿದ್ದರು. ನಾನು ಕೊಟ್ಟ ಚಹಾ ಆರಿಹೋಯಿತು.

“ಒರಟಾಗಿ ಎರಡು ಪುಟ ಬರೆದು ಹಾಕಿದ್ರೂ ನಡೀತಿತ್ತು ಕಣೋ,” ಅಂದರು. “ಕಾನೂನಲ್ಲಿ ಅದಕ್ಕೂ ದಾರಿ ಇದೆ. ಮೊದಲು ಹಾಕಿಬಿಟ್ಟು ಆಮೇಲೆ ಸಾವಕಾಶ ತಿದ್ದಬಹುದಿತ್ತು. ಪುಡಿ ಅವತ್ತೇ ಕೊಡಬಹುದಿತ್ತು.”

ಅದೇ ವಾರ ಅರ್ಜಿ ಹೋಯಿತು, ಕಾಲ ಕಳೆದು ಹಕ್ಕೂ ಬಂತು. ಅರ್ಜಿಯ ಒಂದು ಅಕ್ಷರಕ್ಕೂ ಯಾರೂ ತಕರಾರು ತೆಗೆಯಲಿಲ್ಲ. ಕೇಳಿದ ಶೆಡ್ಡಿಗೆಲ್ಲ ಸಾಬರು ಪುಡಿ ಹಂಚಿದರು. ನಿಂಗಪ್ಪನ ಹೆಂಡತಿ ಗಂಗವ್ವ ಗಂಡನ ಜಾಗದಲ್ಲಿ ಕೆಲಸಕ್ಕೆ ಸೇರಿದಳು. ದಿನಾ ನಮ್ಮ ಆಫೀಸಿನ ಮುಂದೆಯೇ ಹೋಗುತ್ತಿದ್ದಳು. ಬೈಯಲಿಲ್ಲ, ಇತ್ತ ತಿರುಗಿ ನೋಡಲೂ ಇಲ್ಲ. ಅವಳು ದಾಟಿ ಹೋಗುವ ತನಕ ಹಾಲೇಶಪ್ಪನವರ ಪೆನ್ನು ಮುಂದೆ ಸರಿಯುತ್ತಿರಲಿಲ್ಲ.

ಅದನ್ನು ದಿನಾ ನೋಡುವುದು ನನ್ನಿಂದಾಗಲಿಲ್ಲ. ಅಂಗಿ, ಲುಂಗಿ ಚೀಲಕ್ಕೆ ತುರುಕತೊಡಗಿದೆ.

“ಎಲ್ಲಿಗೋ?” ಅಂದರು.

“ಗೊತ್ತಿಲ್ಲ ಸಾರ್.”

“ಹೋಗಪ್ಪ. ಹೋಗೋಕೆ ಆಗೋರಾದ್ರೂ ಹೋಗ್ಲಿ.”

ನಾನು ಚೀಲದ ಬಾಯಿ ಕಟ್ಟಿದೆ.

ನೀತಿ: ಕೆಲಸ ಚೊಕ್ಕವಾಗಿರಲಿ. ಆದರೆ ಒಂದು ಜೀವ ಅದಕ್ಕಾಗಿ ಕಾಯುತ್ತಿದ್ದರೆ, ಅರೆಬರೆಯಾದರೂ ಇಂದೇ ಕೊಡಿ. ತಪ್ಪು ಬರೆದದ್ದನ್ನು ತಿದ್ದಬಹುದು, ತಡ ಮಾಡಿದ್ದನ್ನು ತಿದ್ದಲಾಗದು.